ಬೇಲೂರಿನಲ್ಲಿ ಥೀಸಿಸ್ ಟೈಪ್ ಮಾಡುವ ಅನುಸೂಯಮ್ಮ

ಬೇಲೂರು ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಮೊಬೈಲ್ ರಿಪೇರಿ ಅಂಗಡಿಗೂ ಬೇಕರಿಗೂ ನಡುವೆ ಅನುಸೂಯಮ್ಮನವರ ಡಿಟಿಪಿ ಅಂಗಡಿ ಇದೆ. ಒಂದು ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಪಹಣಿ, ಆದಾಯ ಪ್ರಮಾಣಪತ್ರದ ಅರ್ಜಿ, ಗೃಹಪ್ರವೇಶದ ಆಹ್ವಾನಪತ್ರ ಎಲ್ಲವೂ ಅಲ್ಲಿ ಆಗುತ್ತವೆ. ಆದರೆ ಅರಸೀಕೆರೆ, ಹಾಸನಗಳಿಂದ ಬಸ್ಸು ಹತ್ತಿ ಅವರನ್ನು ಹುಡುಕಿಕೊಂಡು ಬರುವವರು ಪಿಎಚ್.ಡಿ. ಮಾಡುವವರು.

ಅನುಸೂಯಮ್ಮನವರು ಹಗರೆಯ ಕಡೆಯವರು. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಗಂಡ ಚನ್ನಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಟೈಪಿಂಗ್ ಕಲಿತು 2004ರಲ್ಲಿ ಅಂಗಡಿ ಹಾಕಿದರು. ಎಂಥ ಕೆಟ್ಟ ಕೈಬರಹವನ್ನಾದರೂ ಓದಿಬಿಡುತ್ತಿದ್ದರು. ಅಡಿಟಿಪ್ಪಣಿಗಳ ಸಂಖ್ಯೆ ಹೆಚ್ಚುಕಡಿಮೆಯಾದರೆ ಸಂಶೋಧಕರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಹೀಗೆ ಒಬ್ಬರಿಂದ ಒಬ್ಬರಿಗೆ ಹೆಸರು ಹರಡಿತು.

ಆದರೆ ಟೈಪ್ ಮಾಡಿದ್ದನ್ನು ಅವರು ಓದುತ್ತಿರಲಿಲ್ಲ. ಅಕ್ಷರ ನೋಡುತ್ತಿದ್ದರು, ಅಷ್ಟೆ. ಥೀಸಿಸ್ ಎಂದರೆ ಮುನ್ನೂರು ಪುಟ, ಐದು ಪ್ರತಿ, ಚಿನ್ನದ ಅಕ್ಷರದ ರಟ್ಟು.

2010ರಲ್ಲಿ ಅವರು ಟೈಪ್ ಮಾಡಿದ ಥೀಸಿಸ್‌ಗಳಲ್ಲಿ ಗಂಡಸಿ ಊರಿನ ಏಕಾಂತಯ್ಯನವರದೂ ಒಂದು. ಏಕಾಂತಯ್ಯ ಹಳೇಬೀಡಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರು. ಅರಸೀಕೆರೆ ಸೀಮೆಯ ಕೊಬ್ಬರಿ ವ್ಯಾಪಾರ ಮತ್ತು ಸಂತೆಗಳ ಮೇಲೆ ಎಂಟು ವರ್ಷ ಕೆಲಸ ಮಾಡಿದ್ದರು. ಅದಾದ ಎರಡು ವರ್ಷಕ್ಕೆ ಅರಸೀಕೆರೆಯ ಶರತ್ಚಂದ್ರ ಎಂಬಾತ ಅಂಗಡಿಗೆ ಬಂದ. ಅವನದೂ ಸಂತೆಗಳ ಮೇಲೆಯೇ ಸಂಶೋಧನೆ. ಥೀಸಿಸ್ ಸಲ್ಲಿಸಲು ತಿಂಗಳು ಉಳಿದಿತ್ತು, ಎರಡು ಅಧ್ಯಾಯ ಬರೆದಿರಲಿಲ್ಲ.

"ನಿಮ್ ಕಂಪ್ಯೂಟರ್‌ನಲ್ಲಿ ಹಳೇ ಥೀಸಿಸ್ ಎಲ್ಲ ಇರ್ತವಲ್ಲ ಮೇಡಂ. ಅಲ್ಲಿಂದ ಇಲ್ಲಿಂದ ತೆಗೆದು ಎರಡು ಅಧ್ಯಾಯ ಜೋಡಿಸಿಕೊಡಿ. ಎಲ್ರೂ ಮಾಡೋದೇ" ಎಂದ.

ಅನುಸೂಯಮ್ಮನವರಿಗೆ ಅದು ಹೊಲಿಗೆಯಂಥದೇ ಒಂದು ಕೆಲಸ ಅನ್ನಿಸಿತು. ನಾಲ್ಕು ದಿನ ಕೂತು ಜೋಡಿಸಿಕೊಟ್ಟರು.

2013ರ ಆಗಸ್ಟ್‌ನಲ್ಲಿ ಶರತ್ಚಂದ್ರನ ವೈವಾ ನಡೆಯಿತು. ಅಂಥ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ತಮ್ಮದೇ ವಿಷಯವೆಂದು ಏಕಾಂತಯ್ಯನವರೂ ಹೋಗಿದ್ದರು. ಮಾರನೇ ದಿನ ಹತ್ತು ಗಂಟೆಗೆ ಅವರು ಅಂಗಡಿಗೆ ಬಂದು, ಅರ್ಜಿಗೆ ಕಾಯುತ್ತಿದ್ದವರೆಲ್ಲ ಹೋಗುವವರೆಗೂ ಕುರ್ಚಿಯಲ್ಲಿ ಕೂತಿದ್ದರು.

"ಅನುಸೂಯಮ್ಮೋರೆ, ನಮ್ಮಜ್ಜಿ ತೀರಿಹೋಗಿ ಐದು ವರ್ಷ ಆಯ್ತು. ನಿನ್ನೆ ಅವರ ಮಾತು ಕೇಳಿದೆ" ಎಂದರು.

ಅನುಸೂಯಮ್ಮನವರಿಗೆ ಅರ್ಥವಾಗಲಿಲ್ಲ.

"ಸಂತೇಲಿ ಹೆಂಗಸರು ಯಾವ ಕಡೆ ಕೂರ್ತಿದ್ರು, ಕೊಬ್ಬರಿಯ ಬಣ್ಣ ನೋಡಿ ಎಷ್ಟು ದಿನದ್ದು ಅಂತ ಹೆಂಗೆ ಹೇಳ್ತಿದ್ರು ಅಂತ ನಮ್ಮಜ್ಜಿ ಗುರುಸಿದ್ದಮ್ಮ ಹೇಳಿದ್ದನ್ನ ನಾನು ಬರೆದುಕೊಂಡಿದ್ದೆ. ಆತ ನಿನ್ನೆ, 2011ರಲ್ಲಿ ಅವರ ಮನೇಗೆ ಹೋಗಿ ಮಾತಾಡಿಸಿದೆ ಅಂತ ಓದಿದ. ನನ್ನ ಫೈಲ್ ಅವನಿಗೆ ಹೆಂಗೆ ಸಿಕ್ತು?"

"ನಾನೇ ಜೋಡಿಸಿಕೊಟ್ಟೆ ಸಾರ್" ಎಂದರು ಅನುಸೂಯಮ್ಮ.

ಸುಳ್ಳು ಹೇಳಬಹುದಿತ್ತು. ಪೆನ್‌ಡ್ರೈವ್‌ನಲ್ಲಿ ಕದ್ದಿರಬೇಕು ಎಂದಿದ್ದರೂ ಏಕಾಂತಯ್ಯ ನಂಬುತ್ತಿದ್ದರು. ಅವರು ಗದರಲಿಲ್ಲ. ಕಂಪ್ಯೂಟರ್‌ನಲ್ಲಿ ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆಸಿ, ತಮ್ಮ ಮೂರನೇ ಅಧ್ಯಾಯವನ್ನು ಓದಿ ಹೇಳಿದರು. ಅಜ್ಜಿಯ ಮಾತಿರುವ ಒಂದು ಪುಟಕ್ಕಾಗಿ ಎಷ್ಟು ಸಂತೆ ತಿರುಗಿದ್ದು, ಅವರು ಹೇಳಿದ್ದರಲ್ಲಿ ಯಾವ ಮಾತು ಸರಿಯಲ್ಲವೆಂದು ಆಮೇಲೆ ಕಂಡುಕೊಂಡದ್ದು, ಅದನ್ನು ಅಡಿಟಿಪ್ಪಣಿಯಲ್ಲಿ ಬರೆದದ್ದು ಎಲ್ಲವನ್ನೂ ವಿವರಿಸಿದರು. ಆ ಅಡಿಟಿಪ್ಪಣಿಯನ್ನು ಅನುಸೂಯಮ್ಮನವರೇ ಟೈಪ್ ಮಾಡಿದ್ದರು. ಓದಿದ್ದು ಅಂದೇ ಮೊದಲು.

"ಯೂನಿವರ್ಸಿಟಿಗೆ ಬರೆದುಕೊಡ್ತೀರಾ?" ಎಂದು ಕೇಳಿದರು ಏಕಾಂತಯ್ಯ.

ಮನೆಯಲ್ಲಿ ಚನ್ನಪ್ಪ ಬೇಡವೆಂದರು. "ಟೈಪ್ ಮಾಡೋದು ನಿನ್ ಕೆಲ್ಸ. ಅವರವರ ಜಗಳ ಅವರೇ ನೋಡ್ಕಳ್ಳಿ. ನಾಳೆ ಯಾರು ಬತ್ತಾರೆ ನಿನ್ನ ಅಂಗ್ಡೀಗೆ?"

"ಮಾಡಿರದು ನಾನು ಕಣ್ರೀ. ಅವರ ಜಗಳ ಹೆಂಗಾಯ್ತದೆ?"

ಎರಡು ದಿನ ಬಿಟ್ಟು ಅವರು ಒಂದೂವರೆ ಪುಟದ ಪತ್ರ ಬರೆದು, ತಾವು ಜೋಡಿಸಿದ ಎರಡೂ ಅಧ್ಯಾಯಗಳ ಪ್ರತಿ ಸೇರಿಸಿ, ರಿಜಿಸ್ಟರ್ಡ್ ಪೋಸ್ಟ್ ಮಾಡಿದರು. ವಿಶ್ವವಿದ್ಯಾಲಯ ಸಮಿತಿ ಮಾಡಿ, ಪದವಿ ತಡೆಹಿಡಿದು, ಆ ಅಧ್ಯಾಯಗಳನ್ನು ಹೊಸದಾಗಿ ಬರೆಯಲು ಶರತ್ಚಂದ್ರನಿಗೆ ಒಂದು ವರ್ಷ ಕೊಟ್ಟಿತು. ಅವನು ಬರೆಯಲಿಲ್ಲ. ಈಗ ತಿಪಟೂರು ರಸ್ತೆಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ; ವ್ಯಾಪಾರ ಚೆನ್ನಾಗಿದೆ.

ಚನ್ನಪ್ಪ ಹೇಳಿದ್ದೂ ನಿಜವಾಯಿತು. ಹದಿನಾಲ್ಕು ತಿಂಗಳು ಒಂದೂ ಥೀಸಿಸ್ ಬರಲಿಲ್ಲ. ಪಹಣಿ, ರೇಷನ್ ಕಾರ್ಡಿನ ಅರ್ಜಿಗಳಲ್ಲೇ ಅಂಗಡಿ ನಡೆಯಿತು. ಆಮೇಲೆ ಒಬ್ಬ ಹುಡುಗಿಯನ್ನು ಏಕಾಂತಯ್ಯನವರೇ ಕಳಿಸಿದರು. ಅವಳ ಥೀಸಿಸ್ಸನ್ನು ಅನುಸೂಯಮ್ಮ ಓದುತ್ತಾ ಟೈಪ್ ಮಾಡಿದರು. ಮೊದಲಿನ ಅರ್ಧದಷ್ಟೂ ವೇಗ ಬರಲಿಲ್ಲ. ಅರ್ಥವಾಗದ್ದನ್ನು ಕೇಳಿದರು. ಕೇಳಿದ್ದರಿಂದ ಆ ಹುಡುಗಿ ಎರಡು ಕಡೆ ತಿದ್ದಿ ಬರೆದಳು.

ಅಲ್ಲಿಂದ ಈಚೆಗೆ ಅವರು ಓದದೆ ಟೈಪ್ ಮಾಡಿಲ್ಲ. ಯಾವ ಗೈಡ್ ಕೈಕೆಳಗಿನವರು ನಾಲ್ಕು ವರ್ಷಕ್ಕೆ ಮುಗಿಸುತ್ತಾರೆ, ಯಾರ ವಿದ್ಯಾರ್ಥಿಗಳು ಏಳು ವರ್ಷವಾದರೂ ಮುನ್ನುಡಿ ತಿದ್ದುತ್ತಲೇ ಇರುತ್ತಾರೆ, ಯಾವ ಅರ್ಜಿ ಯಾವ ಕಾಗದವಿಲ್ಲದೆ ವಾಪಸ್ಸಾಗುತ್ತದೆ ಎಂಬುದೆಲ್ಲ ಕೂತಲ್ಲೇ ತಿಳಿಯುತ್ತಾ ಹೋಯಿತು.

2025ರ ಜನವರಿಯಲ್ಲಿ ಹುಲಿಕೆರೆಯ ಮೇಘಶ್ರೀ ಒಂದು ಜೆರಾಕ್ಸ್‌ಗೆ ಬಂದಳು. ಇತಿಹಾಸದಲ್ಲಿ ಎಂ.ಎ. ಮಾಡಿ, ಜೆಆರ್‌ಎಫ್ ಪಡೆದಿದ್ದಳು. ಅದು ಪಿಎಚ್.ಡಿ. ಮಾಡುವವರಿಗೆ ತಿಂಗಳು ತಿಂಗಳು ಬರುವ ಕೇಂದ್ರದ ಫೆಲೋಶಿಪ್. ಅವಳು ಕೊಟ್ಟದ್ದು ಅದರ ಪತ್ರವನ್ನೇ. ಅನುಸೂಯಮ್ಮ ಅದನ್ನು ಯಂತ್ರದ ಮೇಲಿಡದೆ ತಾರೀಖು ನೋಡಿದರು.

"ಈ ಪತ್ರ ಮೂರು ವರ್ಷಕ್ಕೆ ಮಾತ್ರ ಕಣಮ್ಮ, ಅಷ್ಟರೊಳಗೆ ಪಿಎಚ್.ಡಿ.ಗೆ ಸೇರ್ಬೇಕು. ಇನ್ನು ಹತ್ತು ತಿಂಗಳೈತೆ. ಎಲ್ಲಿ ಸೇರಿದ್ದೀಯ?"

"ಇನ್ನೂ ಸೇರಿಲ್ಲ ಆಂಟಿ. ಒಬ್ರು ಪ್ರೊಫೆಸರ್ ಇದಾರೆ, ತುಂಬ ದೊಡ್ಡ ಹೆಸರು. ಮುಂದಿನ ವರ್ಷ ಸೀಟ್ ಖಾಲಿಯಾಗುತ್ತೆ ಬಾ ಅಂತ ಎರಡು ವರ್ಷದಿಂದ ಹೇಳ್ತಿದಾರೆ."

"ಅವರ ಹತ್ರ ಈಗಿರೋರನ್ನ ಮಾತಾಡಿಸಿದ್ಯಾ? ರಿಟೈರ್ ಯಾವಾಗ ಅಂತ ಕೇಳಿದ್ಯಾ?"

ಮೇಘಶ್ರೀ ಕೇಳಿರಲಿಲ್ಲ. ಅಲ್ಲೇ ನಿಂತು ಅವರ ಕೈಕೆಳಗಿನ ಒಬ್ಬ ಸಂಶೋಧಕನಿಗೆ ಫೋನ್ ಮಾಡಿದಳು. ಪ್ರೊಫೆಸರ್ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ನಿವೃತ್ತಿ ಹತ್ತಿರವಿದ್ದುದರಿಂದ ಅವರಿಗೆ ಹೊಸ ವಿದ್ಯಾರ್ಥಿಗಳನ್ನು ಕೊಡುವುದು ಆಗಲೇ ನಿಂತಿತ್ತು. ಅವಳು ಫೋನಿಟ್ಟು ಕುರ್ಚಿಯಲ್ಲಿ ಕೂತಳು.

ಬೇರೆ ಪ್ರೊಫೆಸರ್‌ಗಳಿಗೆ ಬರೆದ ಪತ್ರವಿದ್ದರೆ ತೋರಿಸು ಎಂದರು ಅನುಸೂಯಮ್ಮ. 'ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಲು ಅಪಾರ ಆಸಕ್ತಿಯುಳ್ಳವಳಾಗಿದ್ದು' ಎಂದು ಶುರುವಾಗುವ ಅರ್ಧ ಪುಟವನ್ನು ಅವಳು ಹನ್ನೊಂದು ಜನಕ್ಕೆ ಹೆಸರಷ್ಟೇ ಬದಲಿಸಿ ಕಳಿಸಿದ್ದಳು.

"ಇದ್ರಾಗೆ ನಿನ್ನದು ಏನೂ ಇಲ್ವಲ್ಲ. ಅವರಿಗೆ ಗೊತ್ತಿಲ್ದೆ ಇರೋದು ನಿಂಗೇನು ಗೊತ್ತು?"

ಮೇಘಶ್ರೀ ಯೋಚಿಸಿದಳು. "ನಮ್ಮೂರ ಕಲ್ಯಾಣಿ ಬಗ್ಗೆ ಬರೆಯೋರೆಲ್ಲ ಮೆಟ್ಟಿಲು, ಗೂಡು, ಕೆತ್ತನೆ ಅಂತಾರೆ. ನೀರು ಯಾರು ಬಳಸ್ತಿದ್ರು, ಹೂಳು ಯಾರು ಎತ್ತಿಸ್ತಿದ್ರು ಅಂತ ಯಾರೂ ಕೇಳಿಲ್ಲ. ನಮ್ಮಪ್ಪ ಒಂದೊಂದು ಕೆರೆಗೂ ಒಂದೊಂದು ಕತೆ ಹೇಳ್ತಾರೆ. ನಾನು ಸುತ್ತಲಿನ ಒಂಬತ್ತು ಊರಲ್ಲಿ ಕೇಳಿ ಬರೆದಿಟ್ಟಿದೀನಿ."

"ಅದನ್ನ ಬರಿ. ಬರೆಯೋಕೆ ಮೊದ್ಲು, ನೀರು, ಕೆರೆ ಅಂತ ಕೆಲ್ಸ ಮಾಡಿರೋ ಮೇಷ್ಟ್ರು ಯಾರವ್ರೆ ನೋಡು. ಅವರು ಬರೆದಿರದು ಎರಡಾದ್ರೂ ಓದು."

ಅವಳು ಹೊರಡುವಾಗ ಕೇಳಿದಳು: "ಮಾಡಿದ್ರೆ ಕೆಲಸ ಸಿಗುತ್ತಾ ಆಂಟಿ?"

"ಇಲ್ಲಿ ಅರವತ್ತಮೂರು ಥೀಸಿಸ್ ಟೈಪ್ ಆಗವೆ. ಪರ್ಮನೆಂಟ್ ಕೆಲ್ಸ ಸಿಕ್ಕಿರದು ಹದಿನೇಳು ಜನಕ್ಕೆ. ಏಕಾಂತಯ್ಯ ಸಾರ್‌ದು ಅಷ್ಟು ಒಳ್ಳೇ ಥೀಸಿಸ್ಸು, ಇವತ್ತಿಗೂ ಅತಿಥಿ ಉಪನ್ಯಾಸಕರೇ. ತಿಳ್ಕಂಡು ಸೇರು."

ಮೇಘಶ್ರೀ ಮೂರು ವಾರ ಬರಲಿಲ್ಲ. ಬೇಡವೆಂದುಕೊಂಡಿರಬೇಕು ಎಂದು ಅನುಸೂಯಮ್ಮ ಎಣಿಸಿದರು. ಫೆಬ್ರವರಿ ಕೊನೆಗೆ ಬಂದಳು, ನಾಲ್ಕು ಪುಟದ ಬರಹ ತಂದಿದ್ದಳು. ಈ ಸಲ ಮೂವರಿಗೆ ಮಾತ್ರ ಬರೆದಳು. ಒಬ್ಬರು ಉತ್ತರಿಸಲಿಲ್ಲ, ಒಬ್ಬರಲ್ಲಿ ಜಾಗವಿರಲಿಲ್ಲ. ಮೂರನೆಯವರು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಅಧ್ಯಾಪಕಿ. ಒಂಬತ್ತು ಊರುಗಳ ಟಿಪ್ಪಣಿ ಕಳಿಸಲು ಹೇಳಿ, ಓದಿ, ಪ್ರವೇಶದ ಅರ್ಜಿ ಹಾಕಿಸಿದರು. ಸಂದರ್ಶನ ಜೂನ್‌ನಲ್ಲಿ ಆಯಿತು. ಆಗಸ್ಟ್‌ನಲ್ಲಿ, ಪತ್ರದ ಅವಧಿ ಮುಗಿಯಲು ಮೂರು ತಿಂಗಳಿರುವಾಗ, ಮೇಘಶ್ರೀ ಸೇರಿದಳು.

ಮೊದಲ ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ಆ ದಿನಗಳಲ್ಲಿ ಅವಳು ಫೋನ್ ಮಾಡಿದಾಗಲೆಲ್ಲ ಅನುಸೂಯಮ್ಮ ಯಾವ ಫಾರಂ ಯಾವ ಮೇಜಿನ ಮೇಲೆ ನಿಂತಿರಬಹುದೆಂದು ಹೇಳಿದರು, ಮನೆಗೆ ಬಂದುಬಿಡು ಎಂದು ಹೇಳಲಿಲ್ಲ. ಈಗ ಹಣ ಬರುತ್ತಿದೆ. ಅವಳು ಜಾವಗಲ್ ಕಡೆಯ ಕೆರೆಗಳನ್ನು ತಿರುಗುತ್ತಿದ್ದಾಳೆ, ಮೊದಲ ಅಧ್ಯಾಯದ ಕರಡು ಆಗಿದೆ. ಟೈಪಿಂಗ್ ಅವಳಿಗೇ ಬರುತ್ತದೆ. ಆದರೂ ಒಂದು ಪ್ರತಿಯನ್ನು ಬೇಲೂರಿಗೆ ಕಳಿಸಿದ್ದಳು. ಅನುಸೂಯಮ್ಮ ಅದನ್ನು ಓದಿ, ಹನ್ನೆರಡನೇ ಪುಟದಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕಳಿಸಿದರು.