ಹಾಲಿನ ಅಣ್ಣ

ನೈಫ್ ಪೇಟೆಯ ಅತ್ತರಿನ ಅಂಗಡಿಯಲ್ಲಿ ದುಡಿಯುವ ಜಂಶೀರನಷ್ಟು ಖುಷಿಯಿಂದ ರಕ್ತ ಕೊಟ್ಟವರನ್ನು ನಾನು ಕಂಡಿಲ್ಲ. ಅಬುಧಾಬಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹನ್ನೆರಡು ವರ್ಷ ಸೂಜಿ ಹಿಡಿದವನು ನಾನು, ಹುಬ್ಬಳ್ಳಿಯ ಗುರುದತ್ತ. ಉಳಿದವರು ಮುಖ ತಿರುಗಿಸುತ್ತಾರೆ. ಇವನು ತೋಳು ಚಾಚಿ, "ಎಷ್ಟು ಬೇಕಾದ್ರೂ ತೆಗೀರಿ ಸರ್, ತಂಗಿಗಲ್ವಾ?" ಅಂದ.

ತಂಗಿ ನಸೀಮ ಅಬುಧಾಬಿಯದೇ ಖಲೀಫಾ ಸಿಟಿಯಲ್ಲಿ ಟೀಚರು. ಅವಳ ಮೂಳೆಯ ಮಜ್ಜೆ ರಕ್ತ ಹುಟ್ಟಿಸುವುದನ್ನೇ ನಿಲ್ಲಿಸಿತ್ತು. ಹೊಂದುವ ದಾನಿಯ ಕಾಂಡಕೋಶ ಹಾಕಬೇಕಿತ್ತು, ಅದಕ್ಕೇ ಈ ರಕ್ತಪರೀಕ್ಷೆ. ಕಾಂಡಕೋಶ ಅಂದರೇನು ಎಂದು ಜಂಶೀರ ಕೇಳಿದ.

"ಇನ್ನೂ ಏನೂ ಆಗದ ಕೋಶ ನೋಡಪಾ. ಮುಂದ ಅದೇ ಕೆಂಪು ರಕ್ತಕಣ ಆಗ್ತದ, ಬಿಳೀದೂ ಆಗ್ತದ. ಒಂದೇ ಕಣಕದಾಗ ಚಪಾತಿ, ಪೂರಿ ಎರಡೂ ಆಗಂಗಿಲ್ಲೇನು? ಆಕಿ ಕಣಕ ಮುಗದೈತಿ. ನಿಂದು ಹೊಂದಿದ್ರ ಆಕಿಗೆ ಕೊಡ್ತಾರ."

"ಹೊಂದ್ತದೆ ಸರ್."

ಫಾರ್ಮಿನಲ್ಲಿ ಸಂಬಂಧದ ಮುಂದೆ 'ಬ್ರದರ್' ಎಂದಿತ್ತು. ಅಣ್ಣನಿದ್ದಾನಲ್ಲ ಎಂದು ಡಾಕ್ಟರು ಹೊರಗಿನ ದಾನಿಯ ಹುಡುಕಾಟವನ್ನು ತಡೆದಿಟ್ಟರು. ಮೂರು ವಾರಕ್ಕೆ ವರದಿ ಬಂತು. ಇಬ್ಬರ ಕೋಶದ ಗುರುತುಗಳಲ್ಲಿ ಒಂದೂ ಹೊಂದಿರಲಿಲ್ಲ.

ಕರೆದು ವಿಚಾರಿಸಿದೆ. "ನಾನು ಆರು ತಿಂಗಳಿರುವಾಗ ಉಮ್ಮ ತೀರಿಹೋದ್ರು. ಪಕ್ಕದ ಮನೆ ಆಚುಮ್ಮ ಆಗಷ್ಟೇ ನಸೀಮಳನ್ನು ಹೆತ್ತದ್ದು. ಇಬ್ಬರಿಗೂ ಅವರೇ ಹಾಲು ಕೊಟ್ಟದ್ದು" ಅಂದ.

ನನ್ನ ಪಿತ್ತ ನೆತ್ತಿಗೇರಿತು. "ಮತ್ತ ಬ್ರದರ್ ಅಂತ ಯಾಕ ಬರದಿ?"

"ಬೇರೆ ಎಂತ ಬರೆಯುವುದು ಸರ್? ನಮ್ಮಲ್ಲಿ ಒಂದೇ ಹಾಲು ಕುಡಿದವ್ರು ಅಣ್ಣ-ತಂಗಿಯೇ. ಮದುವೆ ಸಹ ಆಗ್ಲಿಕ್ಕಿಲ್ಲ."

ಹಾಲಿನಿಂದ ಮಜ್ಜೆ ಹೊಂದುವುದಿಲ್ಲ, ನೀನು ಅವಳ ರಕ್ತಸಂಬಂಧಿಯೇ ಅಲ್ಲ ಎಂದು ಕೂಗಾಡಿದೆ. ಅವನು ತೋಳು ಸವರಿಕೊಳ್ಳುತ್ತ ನಿಂತಿದ್ದ.

"ಹಾಗಾದ್ರೆ ನಂದು ಯಾವುದೂ ಅವಳಿಗೆ ಆಗುವುದಿಲ್ವಾ?"

ಹುಡುಕಾಟ ಶುರುವಾಗುವಷ್ಟರಲ್ಲಿ ನಸೀಮಳ ಶ್ವಾಸಕೋಶಕ್ಕೆ ಸೋಂಕು ಇಳಿದಿತ್ತು. ಇನ್ನು ದಾನಿ ಸಿಕ್ಕರೂ ಆ ದೇಹ ತಡೆಯದು ಎಂದು ಡಾಕ್ಟರು ಕೈಚೆಲ್ಲಿದರು. ಮೂರು ವಾರ!

ಶುಕ್ರವಾರ ಐಸಿಯು ಬಾಗಿಲಲ್ಲಿ ಜಂಶೀರ ಭೇಟಿಯ ಚೀಟಿ ಹಿಡಿದು ನಿಂತಿದ್ದ. ಒಳಗೆ ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ. ಹೆಸರು ತುಂಬಿದ್ದ, ಸಂಬಂಧದ ಜಾಗ ಖಾಲಿಯಿತ್ತು. ನನ್ನನ್ನು ಕಂಡು ಹೆದರಿದ.

"ಇದ್ರಲ್ಲಿ ಎಂತ ಬರೆಯಲಿ ಸರ್?"

ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಪೆನ್ನು ಕಸಿದುಕೊಂಡು ನಾನೇ 'ಬ್ರದರ್' ಎಂದು ಬರೆದೆ.

"ಹೋಗಪಾ, ಆಕಿಗೆ ಎಚ್ಚರ ಇರೋದ್ರಾಗ ಹೋಗು."