ಬಳುವಳಿ ಬಾಳೆಗೆ ಜೀವ ಇದೆಯಾ ಎಂದು ನೋಡಿದ್ದು

ಮಕ್ಕಳೇ, ಹೋದ ಬೇಸಿಗೆ ರಜೆಗೆ ಬಂದಾಗ ನೀವು ಕೇಳಿದಿರಿ, ಬಚ್ಚಲ ಹಿಂದಿನ ಬಾಳೆ ಎಲ್ಲಿ ಹೋಯಿತು ಅಜ್ಜಿ, ಅಂತ. ಎಲ್ಲರೂ ಒಟ್ಟಿಗೆ ಮುಂದೆ ನಿಂತು ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಸುಮ್ಮನೆ ನಕ್ಕು ಒಳಗೆ ಹೋದೆ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಾ ಕೂರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಬಾಳೆ ನನ್ನ ಬಳುವಳಿ. ಮದುವೆಯಾಗಿ ಈ ಊರಿಗೆ ಬರುವಾಗ ನಮ್ಮವ್ವ ಪಾತ್ರೆ ಪಡಗದ ಜೊತೆಗೆ ಒಂದು ರಸಬಾಳೆ ಕಂದನ್ನು, ತಾಯಿ ಬುಡದಿಂದ ಕಿತ್ತ ಮರಿಯನ್ನು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಕೊಟ್ಟಿದ್ದಳು. ಟಿ. ನರಸೀಪುರದ ಕಡೆಯಿಂದ ನಂಜನಗೂಡಿನವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹೊಸ ಸೀರೆಗೆಲ್ಲ ಕೆಸರು. "ಮದುವಣಗಿತ್ತಿ ಬರುವಾಗಲೇ ಮಗು ಎತ್ತಿಕೊಂಡು ಬಂದವಳೆ" ಎಂದು ನಿಮ್ಮ ತಾತ ಕಿವಿಯಲ್ಲಿ ಹೇಳಿ ನಕ್ಕರು. ನಾನು ತಲೆ ಎತ್ತಲಿಲ್ಲ. ಅವರೇ ಗುಂಡಿ ತೋಡಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ ನೆಟ್ಟರು. ಅವರು ಹೋದ ಮೇಲೂ ಆ ಬುಡ ಕಂದು ಒಡೆಯುತ್ತಲೇ ಇತ್ತು, ಗೊನೆ ಬಿಡುತ್ತಲೇ ಇತ್ತು.

ನನ್ನ ಅಣ್ಣನನ್ನು ನೀವು ಕಂಡಿದ್ದೀರಿ, ನಿಮ್ಮ ನರಸೀಪುರದ ತಾತ. ಜೋರು ಗಂಟಲು, ಬಿಳಿ ಮೀಸೆ. ಅವನ ತೋಟದಲ್ಲಿದ್ದ ರಸಬಾಳೆಗೆಲ್ಲ ಬಹಳ ಹಿಂದೆಯೇ ಸೊರಗು ರೋಗ ಬಂದು ಒಂದು ಬುಡವೂ ಉಳಿಯಲಿಲ್ಲ. ಆ ತಳಿ ಉಳಿದದ್ದು ನನ್ನ ಬಚ್ಚಲ ಹಿಂದೆ ಮಾತ್ರ. ಒಂದು ಕಂದು ತೆಗೆದುಕೊಂಡು ಹೋಗಣ್ಣ ಅಂದರೆ ಕೇಳುತ್ತಿರಲಿಲ್ಲ.

"ಬಳುವಳಿ ಕೊಟ್ಟಿದ್ದನ್ನ ತಿರುಗಿ ತಂದೋನು ಅಂತ ಊರೋರ ಬಾಯಿಗೆ ಬೀಳ್ಲಾ ನಾನು? ಅವ್ವನ ಆತ್ಮ ನೆಮ್ದಿಯಾಗಿದ್ದದಾ?"

ನಮ್ಮ ಕಡೆ ಹಾಗೆಯೇ. ಹೆಣ್ಣಿಗೆ ಕೊಟ್ಟದ್ದು ಕೊಟ್ಟದ್ದೇ, ತವರು ಅದನ್ನು ಮುಟ್ಟುವುದಿಲ್ಲ. ಅಣ್ಣ ನಮ್ಮ ಜಗಲಿಯಲ್ಲಿ ಕೂತು ಹಣ್ಣನ್ನು ಹೊಟ್ಟೆ ತುಂಬ ತಿನ್ನುತ್ತಿದ್ದ, ಸಿಪ್ಪೆಯನ್ನೂ ಮೂಸುತ್ತಿದ್ದ. ಆದರೆ ಬರಿಗೈಯಲ್ಲಿ ಎದ್ದು ಹೋಗುತ್ತಿದ್ದ. ಒಮ್ಮೆ ಅವನಿಗೆ ತಿಳಿಯದ ಹಾಗೆ ಒಂದು ಪುಟ್ಟ ಕಂದನ್ನು ಚೀಲದ ತಳದಲ್ಲಿಟ್ಟು ಮೇಲೆ ಪಂಚೆ ಮುಚ್ಚಿದ್ದೆ. ಮಾರನೆಯ ದಿನ ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರು ಅದನ್ನು ತಂದು ಕೈಗೆ ಕೊಟ್ಟ. "ನಿಮ್ಮಣ್ಣೋರು ಕಳ್ಸವ್ರೆ ಕಣಮ್ಮ. ಚೀಲದಲ್ಲಿ ಮರೆತು ಬಂದ್ಬುಟ್ಟಿತ್ತಂತೆ." ಗಿಡ ತಾನಾಗಿ ನಡೆದು ಹೋಗಿ ಚೀಲ ಸೇರಿತ್ತು ಅನ್ನುವ ಹಾಗೆ!

ಹೀಗಿರುವಾಗ ಒಂದು ದಿನ ನಮ್ಮ ಬಾಳೆಯ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು. ಆಮೇಲೆ ಒಂದೊಂದಾಗಿ ಮುರಿದು, ದಿಂಡಿನ ಸುತ್ತ ಲಂಗದ ಹಾಗೆ ಜೋತುಬಿದ್ದವು. ಅಣ್ಣನ ತೋಟದಲ್ಲಿ ನೋಡಿದ್ದ ರೋಗ. ಪಕ್ಕದ ಮನೆಯವರು ಬಂದು, "ಬುಡ ಸಮೇತ ಕಿತ್ತು ಸುಟ್ಟಾಕಿ ಅಕ್ಕ, ನಮ್ಮ ಗಿಡಕ್ಕೂ ಬಂದಾತು" ಎಂದರು. ನಾನು ಹೂಂ ಅಂದೆ. ಒಳಗೆ ಬಂದು ಮಗಳಿಗೆ ಫೋನು ಮಾಡಿದೆ.

ನನ್ನ ಮಗಳು, ನಿಮ್ಮತ್ತೆ, ತಾಂಡ್ಯದ ಕಡೆ ಗಿಡಗಳನ್ನು ಸೀಸೆಯಲ್ಲಿ ಬೆಳೆಸುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆಂದು ನಿಮಗೆ ಗೊತ್ತು. ಅವಳು ಹೇಳಿದಳು: "ಅವ್ವ, ಬುಡದಲ್ಲಿ ಸಣ್ಣ ಕಂದು ಏನಾದ್ರೂ ಇದ್ರೆ ಕಿತ್ತು ತಗೊಂಡು ಬಾ. ಅದರ ಸುಳಿಯಲ್ಲಿ ಜೀವ ಉಳಿದಿದ್ರೆ ಏನಾದ್ರೂ ಮಾಡಬಹುದು. ಇಲ್ದಿದ್ರೆ ಸುಟ್ಟುಬಿಡೋಣ. ಭಾನುವಾರ ಬಾ, ಯಾರೂ ಇರಲ್ಲ."

ಯಾರೂ ಇರಲ್ಲ ಅಂದದ್ದಕ್ಕೇ ನಾನು ಒಪ್ಪಿದ್ದು.

ಸುದ್ದಿ ಕೇಳಿ ಅಣ್ಣ ಬಂದ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವನ ಹಾಗೆ ಎಳನೀರು, ಬನ್ನು ಹಿಡಿದುಕೊಂಡು ಬಂದಿದ್ದ. ಬಾಳೆ ಬುಡದ ಮುಂದೆ ಕೂತು, "ಎಂಗಿದ್ದೀಯವ್ವಾ" ಎಂದು ದಿಂಡನ್ನು ಸವರಿದ. ಆಮೇಲೆ ತಾನೇ ಹಾರೆ ಹಾಕಿ, ಬುಡದ ಬದಿಯಲ್ಲಿ ಇದ್ದ ಒಂದೇ ಒಂದು ಸಣ್ಣ ಕಂದನ್ನು ಬೇರು ಗಡ್ಡೆ ಸಮೇತ ಎತ್ತಿದ. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡ. "ಇದು ಆಸ್ಪತ್ರೆಗೆ ಕರ್ಕೊಂಡು ಓಗದು ಅಷ್ಟೆ. ನಾನು ತಗೊಂಡಂಗಲ್ಲ" ಎಂದು ನನಗೂ ಹೇಳಿದ, ಡ್ರೈವರಿಗೂ ಹೇಳಿದ.

ಲ್ಯಾಬಿನ ಬಾಗಿಲಲ್ಲಿ ಮಗಳು ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಬಿಳಿ ಅಂಗಿ ಹಾಕಿಸಿದಳು. ನನ್ನ ಅಂಗಿ ಸೀರೆಯ ಮೇಲೆ ಕೂರಲೇ ಇಲ್ಲ. ಅಣ್ಣ ಬಿಳಿ ಅಂಗಿಯಲ್ಲಿ ಮೀಸೆ ತಿರುವಿ, "ಈಗ ನಾನೂ ಡಾಕ್ಟ್ರೇ. ಎಲ್ಲಿ, ನಾಲ್ಗೆ ತೋರ್ಸು" ಎಂದ.

ಮೈಕ್ರೋಸ್ಕೋಪು ಇದ್ದದ್ದು ಒಳಗಿನ ಕತ್ತಲೆ ಕೋಣೆಯಲ್ಲಿ. ಫ್ಲೋರೆಸೆನ್ಸ್ ಮೈಕ್ರೋಸ್ಕೋಪು ಅಂತ ಅದರ ಹೆಸರು. ನಾನು ಓದಿದ ಊರಿನ ಶಾಲೆಯಲ್ಲಿ ಮೈಕ್ರೋಸ್ಕೋಪಿನ ಚಿತ್ರ ಮಾತ್ರ ಇತ್ತು. ಆ ಚಿತ್ರವನ್ನು ಸ್ಲೇಟಿನ ಮೇಲೆ ಬರೆದು ಮೇಷ್ಟರ ಹತ್ತಿರ ಶಭಾಷ್ ಅನ್ನಿಸಿಕೊಂಡಿದ್ದೆ. ನಿಜವಾದದ್ದರ ಮುಂದೆ ನಿಂತಾಗ ಕೈ ಸೆರಗು ಹುಡುಕಿತು.

"ಮೊದಲು ಕಂದು ಬೇಡ, ಈರುಳ್ಳಿ ನೋಡಿ" ಎಂದಳು ಮಗಳು. "ಬದುಕಿದ್ದು ಹೇಗಿರುತ್ತೆ, ಸತ್ತದ್ದು ಹೇಗಿರುತ್ತೆ ಅಂತ ಮೊದಲು ಗೊತ್ತಾಗಬೇಕು." ಈರುಳ್ಳಿಯ ಒಳಪದರದಿಂದ ತೆಳ್ಳನೆಯ ಪೊರೆಯನ್ನು ಎಬ್ಬಿಸಿ ಎರಡು ತುಂಡು ಮಾಡಿದಳು. ಒಂದನ್ನು, ಅಣ್ಣನ ಕಾಫಿಗೆಂದು ನಾನು ಫ್ಲಾಸ್ಕಿನಲ್ಲಿ ತಂದಿದ್ದ ಬಿಸಿನೀರಿನಲ್ಲಿ ಅದ್ದಿದಳು, ಇನ್ನೊಂದನ್ನು ಹಾಗೆಯೇ ಬಿಟ್ಟಳು. ಎರಡಕ್ಕೂ ಎರಡೆರಡು ಬಣ್ಣದ ಹನಿ ಹಾಕಿ, ಗಾಜಿನ ಮೇಲೆ ಮಲಗಿಸಿದಳು. ಆಮೇಲೆ ನೀಲಿ ಬೆಳಕು ಬಿಟ್ಟಳು. ಆ ಬೆಳಕು ತಾಗಿದರೆ ಬಣ್ಣ ತಾನೇ ಹೊಳೆಯುತ್ತದೆ, ರಾತ್ರಿ ಲಾರಿಯ ಹಿಂದೆ ರೇಡಿಯಂ ಸ್ಟಿಕ್ಕರ್ ಹೊಳೆಯುವ ಹಾಗೆ.

"ಯಾವುದು ಯಾವುದು ಅಂತ ಹೇಳಲ್ಲ. ನೀವೇ ಹೇಳಿ."

ಮೊದಲನೆಯದರಲ್ಲಿ ಹಸಿರು. ಇಟ್ಟಿಗೆ ಜೋಡಿಸಿದಂತೆ ಸಾಲು ಸಾಲು ಕೋಣೆಗಳು, ಒಳಗೆಲ್ಲ ತೆಳುವಾದ ಹಸಿರು ಬೆಳಕು. ಎರಡನೆಯದರಲ್ಲಿ ಕಪ್ಪಿನ ಮೇಲೆ ಕೆಂಪು ಚುಕ್ಕಿಗಳು, ಒಂದೊಂದು ಕೋಣೆಗೆ ಒಂದೊಂದು, ಕೆಂಡದ ಹಾಗೆ. ಎಷ್ಟು ಚೆಂದ! ನಾನು ನಾಚಿಕೆ ಮರೆತು, "ಇದೇ ಬದುಕಿರೋದು, ಒಳಗೆ ದೀಪ ಹಚ್ಚಿಟ್ಟಂಗಿದೆ" ಎಂದುಬಿಟ್ಟೆ.

ಮಗಳು ನಕ್ಕಳು. "ಅವ್ವ, ಅದೇ ನಿನ್ನ ಫ್ಲಾಸ್ಕಿನ ನೀರಲ್ಲಿ ಸತ್ತದ್ದು."

"ಕೊಂದೋಳೂ ನೀನೆ, ಚೆಂದ ಅದೆ ಅನ್ನೋಳೂ ನೀನೆ" ಎಂದ ಅಣ್ಣ. "ನನ್ನ ಕಾಫಿಗೆ ಆ ಫ್ಲಾಸ್ಕಿನ ನೀರು ಆಕ್ಬೇಡ ಕಣವ್ವ."

ಆಮೇಲೆ ಮಗಳು ಬಿಡಿಸಿ ಹೇಳಿದಳು. ನಾವು ನೋಡಿದ ಒಂದೊಂದು ಕೋಣೆಯೂ ಒಂದು ಜೀವಕೋಶ. ಹಸಿರಿನ ಹನಿ ಹಾಕುವಾಗ ಅದಕ್ಕೆ ಹೊಳಪೇ ಇರುವುದಿಲ್ಲ. ಅದು ಒಳಗೆ ಹೋದ ಮೇಲೆ, ಜೀವಕೋಶ ಬದುಕಿದ್ದು ಕೆಲಸ ಮಾಡುತ್ತಿದ್ದರೆ ಅದನ್ನು ಒಡೆದು ಹೊಳೆಯುವ ಹಾಗೆ ಮಾಡುತ್ತದೆ. ಕೆಂಪು ಬಣ್ಣವನ್ನು ಬದುಕಿರುವ ಜೀವಕೋಶ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅದು ಸತ್ತು ಹೊರಗಿನ ಪೊರೆ ಹರಿದರೆ ಕೆಂಪು ನುಗ್ಗಿ, ನಟ್ಟನಡುವೆ ಹೋಗಿ ಕೂರುತ್ತದೆ.

ಅಣ್ಣನಿಗೆ ಎರಡು ಸಲ ಹೇಳಬೇಕಾಯಿತು. ನನಗೆ ಒಂದೇ ಸಲಕ್ಕೆ ತಿಳಿಯಿತು, ಆದರೆ ಯಾಕೆ ತಿಳಿಯಿತು ಎಂದು ಅಲ್ಲಿ ಹೇಳಲಿಲ್ಲ. ನಿಮ್ಮ ತಾತ ಹೋದ ದಿನ ನಮ್ಮ ಮನೆ ಬಾಗಿಲು ತೆರೆದೇ ಇತ್ತು. ಬೇರೆ ದಿನಗಳಲ್ಲಿ ಹೊಸಲಿನ ಆಚೆ ನಿಂತು, "ಅಕ್ಕಾ, ಇದ್ದೀರಾ" ಎಂದು ಕೂಗುತ್ತಿದ್ದವರೆಲ್ಲ ಅವತ್ತು ಕೇಳದೆ ನೇರ ನಡುಮನೆಗೆ ಬಂದು ಕೂತರು. ಸಾವಾದ ಮನೆಯಲ್ಲಿ ತಡೆಯುವವರು ಇರುವುದಿಲ್ಲ. ಕೆಂಪು ಚುಕ್ಕಿಗಳನ್ನು ಇನ್ನೊಮ್ಮೆ ನೋಡಿದೆ. ಈಗಲೂ ಚೆಂದವಾಗಿಯೇ ಕಂಡವು.

ಆಮೇಲೆ ನಮ್ಮ ಕಂದು. ಮೊದಲು ಅದರ ಬೇರನ್ನು ಕಾಗದಕ್ಕಿಂತ ತೆಳುವಾಗಿ ಕೊಯ್ದು, ಹನಿ ಹಾಕಿ ಇಟ್ಟಳು. ಅವಳು ನೋಡಿ, ನನಗೆ ಜಾಗ ಬಿಟ್ಟಳು. ಕೆಂಪು. ಎಲ್ಲಿ ನೋಡಿದರೂ ಕೆಂಪು. ಒಂದು ಮೂಲೆಯಲ್ಲಿ ಹಸಿರಿದೆಯೋ ಏನೋ ಎಂದು ಕಣ್ಣು ಒತ್ತಿ ಹುಡುಕಿದೆ.

ಅಣ್ಣ ನೋಡಿದ. ಕನ್ನಡಕ ತೆಗೆದು ಬಿಳಿ ಅಂಗಿಯ ತುದಿಯಲ್ಲಿ ಒರೆಸಿದ. "ಓಗ್ಲಿ ಬುಡವ್ವ. ನಮ್ ತೋಟದಲ್ಲಿ ಅಷ್ಟೊಂದು ಓಯ್ತು, ಇದೊಂದು ಎಷ್ಟು ದಿನ ಇದ್ದಾತು" ಎಂದ. ಜೋರು ಗಂಟಲಿನವನು ಮೆಲ್ಲಗೆ ಮಾತಾಡಿದರೆ ಕೇಳಿ ತಡೆದುಕೊಳ್ಳುವುದಕ್ಕಾಗುವುದಿಲ್ಲ.

"ಸುಳಿ ಇನ್ನೂ ನೋಡಿಲ್ಲ ಮಾವ, ಇರಿ" ಎಂದಳು ಮಗಳು. ಕಂದಿನ ಪಟ್ಟೆಗಳನ್ನು ಒಂದರ ಮೇಲೊಂದು ಬಿಡಿಸುತ್ತ ಹೋದಳು. ಈರುಳ್ಳಿ ಸುಲಿದ ಹಾಗೆ ಸುಲಿದು ಸುಲಿದು, ಕೊನೆಗೆ ಉಳಿದದ್ದು ಕಡಲೆಕಾಳಿನಷ್ಟು ಬಿಳಿ ಮೊಳಕೆ. ಅದರ ಬುಡದಿಂದ ಒಂದು ಚೂರನ್ನು ಕೊಯ್ದು ಗಾಜಿನ ಮೇಲಿಟ್ಟಳು. ಬಣ್ಣ ಹಿಡಿಯುವವರೆಗೆ ಕಾಯಬೇಕು ಎಂದಳು. ಕಾಯುತ್ತ ಅಣ್ಣ ತಾನು ತಂದಿದ್ದ ಬನ್ನನ್ನು ತಿನ್ನಲು ನೋಡಿದ. ಇಲ್ಲಿ ತಿನ್ನೋ ಹಾಗಿಲ್ಲ ಎಂದು ಬೈಸಿಕೊಂಡು ಜೇಬಿಗೆ ಹಾಕಿಕೊಂಡ.

ಈ ಸಲ ಮಗಳು ಬೇಗ ತಲೆ ಎತ್ತಲಿಲ್ಲ. "ಅವ್ವ, ಬಾ" ಎಂದಳು.

ಹಸಿರು ಮಕ್ಕಳೇ, ಹಸಿರು! ಈರುಳ್ಳಿಯ ದೊಡ್ಡ ಕೋಣೆಗಳ ಹಾಗಲ್ಲ, ರಾಗಿ ಕಾಳು ಹರಡಿದ ಹಾಗೆ ಪುಟ್ಟ ಪುಟ್ಟವು, ಒತ್ತೊತ್ತಾಗಿ. ಅಂಚಿನಲ್ಲಿ ಮಾತ್ರ ಕೆಂಪಿನ ಒಂದು ಗೆರೆ.

"ಆ ಗೆರೆ ಏನೇ?" ಎಂದು ಹೆದರಿ ಕೇಳಿದೆ.

"ಅದು ನನ್ನ ಬ್ಲೇಡು ತಾಗಿ ಸತ್ತದ್ದು. ಒಳಗಿನವು ಬದುಕಿವೆ. ಜೀವ ಇದೆ ಅಂತಷ್ಟೇ ಇದು ಹೇಳೋದು ಅವ್ವ, ರೋಗ ಇಲ್ಲ ಅಂತ ಅಲ್ಲ. ಅದಕ್ಕೆ ಬೇರೆ ಪರೀಕ್ಷೆ ಮಾಡಿಸ್ತೀನಿ."

ಅಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ ಕಣ್ಣಿಟ್ಟ. ಬಹಳ ಹೊತ್ತು ಎದ್ದೇಳಲಿಲ್ಲ. "ಅವ್ವ ಕೊಟ್ಟಿದ್ದು ಗಟ್ಟಿ ಮಾಲು ಕಣವ್ವ" ಎಂದ. ಆಗ ಅವನ ಗಂಟಲು ಮೊದಲಿನ ಹಾಗೇ ಇತ್ತು, ಲ್ಯಾಬಿನ ಗಾಜೆಲ್ಲ ಅದುರುವ ಹಾಗೆ.

ಊರಿಗೆ ಬಂದು ಹಳೆಯ ಬುಡವನ್ನು ಕಿತ್ತು, ಒಣಗಿಸಿ ಸುಟ್ಟೆವು. ಗುಂಡಿಗೆ ಅಣ್ಣನೇ ಸುಣ್ಣ ಸುರಿದ. ನಿಮ್ಮ ತಾತ ತೋಡಿದ ಗುಂಡಿ ಅದು. ಅವತ್ತು ಸ್ವಲ್ಪ ಅತ್ತೆ. ಅಷ್ಟೇ.

ಕೆಲವು ತಿಂಗಳಾದ ಮೇಲೆ ಮಗಳು ಒಂದು ಡಬ್ಬಿಯ ತುಂಬ ಸೀಸೆಗಳನ್ನು ತಂದಳು. ಬೇರೆ ಪರೀಕ್ಷೆಯಲ್ಲೂ ರೋಗ ಕಾಣಲಿಲ್ಲವಂತೆ. ಒಂದೊಂದು ಸೀಸೆಯಲ್ಲೂ ತಿಳಿಯಾದ ಗಂಜಿಯಂಥದ್ದು, ಅದರಲ್ಲಿ ಬೆರಳುದ್ದದ ಬಾಳೆ, ಎರಡು ಎಲೆ. ಆ ಕಡಲೆಕಾಳನ್ನು ಸೀಸೆಯಲ್ಲಿ ಬೆಳೆಸಿ, ಬಿಡಿಸಿ ಬಿಡಿಸಿ ಹೆಚ್ಚಿಸಿದ ಮಕ್ಕಳು! ನಾನು ಸೆರಗಿನಿಂದ ಸೀಸೆಗಳನ್ನು ಒರೆಸುತ್ತ ಕೂತೆ. ಆದರೆ ಮಗಳು ಹೇಳಿದ ಮಾತು ಕೇಳಿ ಕೈ ನಿಂತಿತು. ನಮ್ಮ ಹಿತ್ತಲ ಮಣ್ಣಿನಲ್ಲಿ ಆ ರೋಗ ಬಹಳ ವರ್ಷ ಉಳಿಯುತ್ತದೆ, ಇಲ್ಲಿ ನೆಡುವ ಹಾಗಿಲ್ಲ. ಬಾಳೆ ಕಾಣದ ಹೊಸ ನೆಲ ಬೇಕು.

ಅಂಥ ನೆಲ ಇದ್ದದ್ದು ಅಣ್ಣನ ಹತ್ತಿರ. ಹೊಳೆಯ ಕಡೆ ಹೊಸದಾಗಿ ತೆಗೆದುಕೊಂಡಿದ್ದ ತುಂಡು ಹೊಲ. ಅವನು ಅಲ್ಲೇ ಜಗಲಿಯಲ್ಲಿ ಕೂತಿದ್ದ. ಸೀಸೆಗಳನ್ನು ನೋಡಿದ, ಸೂರು ನೋಡಿದ, ಮತ್ತೆ ಸೀಸೆ ನೋಡಿದ. "ಬಳುವಳಿ ಬಳುವಳೀನೆ" ಎಂದು ಗೊಣಗಿದ.

ಹುಟ್ಟಿದಾಗಿನಿಂದ ನಾನು ಅಣ್ಣನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಬಾಯಿ ಬಂತು.

"ಅಣ್ಣಾ, ಅವ್ವ ಕೊಟ್ಟ ಬಾಳೆನ ನಾವೇ ಸುಟ್ಟು ಸುಣ್ಣ ಹಾಕಿದ್ವಲ್ಲ. ಇವಕ್ಕೆ ನಮ್ಮನೆ ಮಣ್ಣೂ ತಾಕಿಲ್ಲ, ಬಚ್ಚಲ ನೀರೂ ತಾಕಿಲ್ಲ. ಸೀಸೆಲಿ ಹುಟ್ಟಿದ ಕೂಸುಗಳು. ತವರೂ ಇಲ್ಲ, ಗಂಡನ ಮನೇನೂ ಇಲ್ಲ. ಯಾರಾದ್ರೂ ಸಾಕ್ಬೇಕು."

ಅಣ್ಣ ನನ್ನನ್ನೇ ನೋಡಿದ, ಇವಳಿಗೆ ನಾಲಿಗೆ ಯಾವಾಗ ಬಂತು ಅನ್ನುವ ಹಾಗೆ. ಆಮೇಲೆ ನನ್ನ ಮಗಳ ಕಡೆ ತಿರುಗಿದ.

"ಇವು ಯಾರ ಮನೇವು ಏಳವ್ವ."

"ಲ್ಯಾಬಿನವು ಮಾವ."

"ಲ್ಯಾಬಿನವಾದ್ರೆ ಸರಿ. ಲ್ಯಾಬಿಗೇನು ನಾವು ಎಣ್ಣು ಕೊಟ್ಟಿಲ್ವಲ್ಲ."

"ಕೊಟ್ಟಿಲ್ವಾ? ನಾನೇನು ಮತ್ತೆ?"

"ನೀನು ಸಂಬಳಕ್ಕೆ ಓಗೋಳು, ಸುಮ್ಕಿರು" ಎಂದು ಡಬ್ಬಿಯನ್ನು ಎತ್ತಿಯೇ ಬಿಟ್ಟ. ನೆರಳಲ್ಲಿ ಇಟ್ಟು ಹೇಗೆ ಪಳಗಿಸಬೇಕು, ಯಾವಾಗ ನೆಲಕ್ಕೆ ಹಾಕಬೇಕು ಎಂದು ಮಗಳು ಹೇಳುತ್ತ ಬಸ್ ಸ್ಟಾಂಡಿನವರೆಗೂ ಹಿಂದೆ ಹೋದಳು. ಅಲ್ಲಿಂದ ಮುಂದೆ ಅಣ್ಣನ ಫೋನೇ ಫೋನು. ಒಂದು ಎಲೆ ಸುಳಿಯಿಂದ ಬಿಚ್ಚಿಕೊಂಡರೂ ಫೋನು.

ಈ ಸಲದ ಗೌರಿ ಹಬ್ಬಕ್ಕೆ ಅಣ್ಣ ಬಂದ. ತವರಿನಿಂದ ಬರುವ ಸೀರೆಯ ಚೀಲದ ಜೊತೆ, ಬಾಳೆ ಎಲೆಯಲ್ಲಿ ಮುಚ್ಚಿದ ಒಂದು ಚಿಪ್ಪು ರಸಬಾಳೆ. ಜಗಲಿಯಲ್ಲೇ ಸುಲಿದು ಬಾಯಿಗೆ ಹಾಕಿಕೊಂಡೆ. ಅದೇ ರುಚಿ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವನು ಚೀಲದ ತಳದಿಂದ ಒದ್ದೆ ಗೋಣಿತಾಟಿನ ಗಂಟೊಂದನ್ನು ತೆಗೆದು ಮಡಿಲಿಗೆ ಇಟ್ಟ. ಸೀರೆಗೆಲ್ಲ ಕೆಸರು.

"ಅವ್ವ ಕೊಟ್ಟಿದ್ದು ಸುಟ್ಟೋಯ್ತು. ಇದು ನಾನು ಕೊಡೋದು. ಕಂಡಕ್ಟರ್ ಕೈಲಿ ವಾಪಸ್ ಗೀಪಸ್ ಕಳ್ಸಿದ್ರೆ ನೋಡು ಮತ್ತೆ."

ಮಗಳ ಮಾತಿನಂತೆ ಅದನ್ನು ಹಿತ್ತಲ ಮಣ್ಣಿಗೆ ಮುಟ್ಟಿಸಲಿಲ್ಲ. ಜಗಲಿಯ ಪಕ್ಕ ದೊಡ್ಡ ಡ್ರಮ್ಮಿನಲ್ಲಿ ಹೊಳೆಯ ಕಡೆಯ ಮಣ್ಣು ತುಂಬಿ ನೆಟ್ಟಿದ್ದೇನೆ. ನೀವು ಬಂದಾಗ ಬಚ್ಚಲ ಹಿಂದೆ ಹುಡುಕಬೇಡಿ, ಇಲ್ಲಿ ನೋಡಿ. ಹಿತ್ತಲಿನ ಕೆಸರು ಕಾಲಲ್ಲಿ ಅದರ ಹತ್ತಿರ ಹೋಗಬೇಡಿ, ಕಾಲು ತೊಳೆದುಕೊಂಡು ಹೋಗಿ. ಸುಳಿಯನ್ನು ಮಾತ್ರ ಯಾರೂ ಮುಟ್ಟಕೂಡದು.