ಸೋತಾಗಲೆಲ್ಲ ಕೇಸರಿಬಾತ್

ಇಂಗ್ಲೆಂಡಿನ ಹೆಡಿಂಗ್ಲೀಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೆಂಗಳೂರಿನ ಎಂಜಿನಿಯರು ಲಾಟರಿಯಲ್ಲಿ ಸೋತಾಗಲೆಲ್ಲ ಕೇಸರಿಬಾತ್ ಮಾಡುತ್ತಿದ್ದರು. ಅಮೆರಿಕದ ಬೆಟ್ಟಗಳಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯ ಬೇಟೆಗೆ ಪರವಾನಗಿ ಸಿಗುವುದು ಕೆಲವರಿಗಷ್ಟೇ, ಅದೂ ಲಾಟರಿ ಎತ್ತಿ. ಅಲ್ಲಿ ಕೆಲಸದಲ್ಲಿದ್ದಾಗ ಹತ್ತಿದ ಆ ಹುಚ್ಚು ಅವರ ಜೊತೆ ಇಂಗ್ಲೆಂಡಿಗೂ ಬಂದಿತ್ತು. ಪರವಾನಗಿ ಸಿಗದವರಿಗೆ ವರ್ಷಕ್ಕೊಂದು ಪಾಯಿಂಟ್. ಪಾಯಿಂಟ್ ಹೆಚ್ಚಿದ್ದವರಿಗೆ ಮೊದಲ ಸರದಿ.

"ನಮ್ಮೂರಲ್ಲಿ ಸರ್ಕಾರಿ ಸೈಟಿಗೆ ಅರ್ಜಿ ಹಾಕಿದ ಹಾಗೇ ಕಣ್ರೀ," ಎಂದು ಕೈಯುಜ್ಜುತ್ತಿದ್ದರು. "ಪರ್ಮಿಟ್ ಬರ್ಲಿಲ್ಲ, ಪಾಯಿಂಟ್ ಬಂತು!"

ಕೂಡಿಟ್ಟ ಪಾಯಿಂಟುಗಳಿಂದ ಒಂದು ವರ್ಷ ಅವರ ಸರದಿ ಖಚಿತವಾಗಿತ್ತು. "ನೀವೂ ಬನ್ನಿ, ಜೊತೆಗೇ ಅರ್ಜಿ ಹಾಕೋಣ," ಎಂದರು. ನಾನು ಕುಣಿದುಬಿಟ್ಟೆ. ಬೂಟು ಕೊಂಡೆ. ಭಾನುವಾರಗಳಂದು ಯಾರ್ಕ್‌ಶೈರಿನ ಗುಡ್ಡ ಹತ್ತುವಾಗ ಅವರು ಥಟ್ಟನೆ ನನ್ನ ಮೊಣಕೈ ಹಿಡಿದು, "ಶ್! ಎಲ್ಕ್!" ಎಂದು ಕುರಿ ತೋರಿಸುತ್ತಿದ್ದರು.

ಫಲಿತಾಂಶದ ದಿನ ಓಡಿಹೋದೆ. ಅವರಿನ್ನೂ ಕಂಪ್ಯೂಟರ್ ಆನ್ ಮಾಡಿರಲಿಲ್ಲ, ಆಗಲೇ ಅಡುಗೆಮನೆಯಿಂದ ತುಪ್ಪದಲ್ಲಿ ರವೆ ಹುರಿದ ಘಮ ಬರುತ್ತಿತ್ತು. ಆಮೇಲೆ ಆನ್ ಮಾಡಿ ನೋಡಿದರೆ ಪರದೆಯ ಮೇಲೆ ನಮ್ಮಿಬ್ಬರಿಗೂ 'ಇಲ್ಲ' ಎಂದಿತ್ತು.

"ಪಕ್ಕಾ ಅಂದಿದ್ರಲ್ಲ?"

"ಜೊತೆಗೆ ಹಾಕಿದ್ರೆ ಕಮ್ಮಿ ಇರೋರ ಪಾಯಿಂಟೇ ಲೆಕ್ಕ. ನಿಮ್ಮದು ಸೊನ್ನೆ."

"ಗೊತ್ತಿದ್ದೂ ನನ್ನನ್ನ ಯಾಕೆ ಸೇರಿಸಿದ್ರಿ?"

"ಎಲ್ಕ್ ಕಂಡಾಗ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಒಂದು ಮೊಣಕೈ ಬೇಡ್ವೇನ್ರೀ?"

ಬಿಸಿ ಕೇಸರಿಬಾತಿನ ತಟ್ಟೆಯನ್ನು ನನ್ನ ಕೈಗಿಟ್ಟು, ಗೆದ್ದವರಂತೆ ಕೂಗಿದರು:

"ತಗೊಳ್ಳಿ! ನಿಮಗೂ ಒಂದು ಪಾಯಿಂಟ್ ಬಂತು!"